ಮಹಡಿ ಮನೆ ದಿನದ ಬಾಡಿಗೆಗೆ ಕೊಡುತ್ತೇವೆ: ಚಿಕ್ಕ ಮಕ್ಕಳಿರುವವರಿಗೆ ಕೊಡೋದಾ, ಬೇಡವಾ?

ಹೊಂಗೆನೆರಳು (ಜಯನಗರ)

ಎಲ್ಲರಿಗೂ ನಮಸ್ಕಾರ. ಜಯನಗರ 4ನೇ ಟಿ ಬ್ಲಾಕ್‌ನಲ್ಲಿ ನಮ್ಮ ಮನೆ. ಕೆಳಗೆ ನಾನು ಮತ್ತು ನಮ್ಮ ಯಜಮಾನರು ಇದ್ದೇವೆ. ಮಗ ಪುಣೆಗೆ ಹೋದ ಮೇಲೆ ಮಹಡಿ ಖಾಲಿ ಬಿತ್ತು. ಮೂರು ವರ್ಷದಿಂದ ಅದನ್ನು ಮನೆ ಬುಕ್ ಮಾಡುವ ಆಪ್ ಆದ ಏರ್‌ಬಿಎನ್‌ಬಿಯಲ್ಲಿ ದಿನದ ಲೆಕ್ಕಕ್ಕೆ ಕೊಡುತ್ತಿದ್ದೇವೆ. ಎರಡು ರೂಮು, ಒಂದು ಹಾಲ್, ಸಣ್ಣ ಅಡುಗೆಮನೆ, ಮೇಲೆ ತಾರಸಿ.

ಹೋದ ವಾರ ಮದುವೆಗೆ ಅಂತ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ನಾಲ್ಕು ವರ್ಷದ ಹುಡುಗ, ಒಂದೂವರೆ ವರ್ಷದ ಮಗು. ತುಂಬಾ ಒಳ್ಳೆಯ ಜನ. ಎರಡನೇ ದಿನ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಮುಂದಕ್ಕೆ ಬರುತ್ತೇನೆ, ಹುಡುಗ ಸಂಪಿನ ತಗಡಿನ ಮುಚ್ಚಳ ಸರಿಸಿ ಹೊಟ್ಟೆ ಮೇಲೆ ಮಲಗಿದ್ದಾನೆ. ತಲೆ ಒಳಗೆ. "ಓಯ್" ಅನ್ನುತ್ತಾನೆ, ಒಳಗಿಂದ "ಓಯ್" ಅಂತ ವಾಪಸ್ ಬರುತ್ತದೆ, ನಗುತ್ತಾನೆ, ಇನ್ನೊಂದಿಷ್ಟು ಮುಂದಕ್ಕೆ ಜರುಗುತ್ತಾನೆ. ಎಂಟಡಿ ಸಂಪು. ಬೆಳಗಿನ ಜಾವ ಕಾವೇರಿ ನೀರು ಬಂದು ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಕೂಗಿದರೆ ಬೆಚ್ಚಿ ಬಿದ್ದುಬಿಟ್ಟಾನು ಅಂತ ಕೂಗಲಿಲ್ಲ. ಚೊಂಬು ಕೆಳಗಿಟ್ಟು, ಹಿಂದಿನಿಂದ ಹೋಗಿ ಚಡ್ಡಿ ಹಿಡಿದು ಎಳೆದುಕೊಂಡೆ. ಮಗ ಅಮ್ಮನ ಹತ್ತಿರ ಇದ್ದಾನೆ ಅಂತ ಅಪ್ಪ, ಅಪ್ಪನ ಹತ್ತಿರ ಇದ್ದಾನೆ ಅಂತ ಅಮ್ಮ, ಇಬ್ಬರೂ ಮೇಲೆ ಮದುವೆಗೆ ಹೊರಡುವ ಗಡಿಬಿಡಿಯಲ್ಲಿದ್ದರು.

ಅವರು ಹೋದ ಮೇಲೆ ನೋಡಿದರೆ ಹಾಲ್ ಗೋಡೆ ತುಂಬ ಕ್ರೇಯಾನ್ ಗೀಟು, ಹಾಸಿಗೆ ಒದ್ದೆ. ಅದಕ್ಕೆ ಮೂರು ಸಾವಿರ ಹೋಯಿತು. ಅದು ಹೋಗಲಿ ಬಿಡಿ. ಎರಡು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

"ಮಕ್ಕಳಿಗೆ ಸೂಕ್ತವಲ್ಲ ಅಂತ ಹಾಕಿಬಿಡು, ತಲೆನೋವು ಬೇಡ" ಅನ್ನುತ್ತಾನೆ ಮಗ. ಯಜಮಾನರು ಒಪ್ಪುತ್ತಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ನಿಮ್ಹಾನ್ಸ್, ಜಯದೇವ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಅಂತಲೇ ಬರುವವರು. ಈಗಲೂ ಒಂದು ಕೋರಿಕೆ ಬಂದಿದೆ. ಹತ್ತು ತಿಂಗಳ ಮಗುವಿಗೆ ಜಯದೇವದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕಂತೆ, ನಾಲ್ಕು ದಿನ ಬೇಕಂತೆ. 24 ಗಂಟೆಯೊಳಗೆ ಉತ್ತರ ಕೊಡಬೇಕು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕಡ್ಲೆಕಾಯಿ

ಬೇಡ ಅಂತ ಹಾಕಿ. ನಿಮ್ಮ ಮನೆ, ನಿಮ್ಮ ಇಷ್ಟ. ಆ ಹುಡುಗನಿಗೆ ಏನಾದರೂ ಆಗಿದ್ದರೆ ಮೊದಲು ಪೊಲೀಸರು ಬರುತ್ತಿದ್ದದ್ದು ನಿಮ್ಮ ಮನೆ ಬಾಗಿಲಿಗೆ.

ಎರಡುಮಕ್ಕಳಮ್ಮ (ಶಿವಮೊಗ್ಗ)

ಅಷ್ಟು ಸುಲಭವಾಗಿ ಹೇಳಬೇಡಿ ಸರ್. ತಂಗಿಯ ಹೆರಿಗೆಗೆ ಬೆಂಗಳೂರಿಗೆ ಬಂದಾಗ ನನ್ನ ದೊಡ್ಡವನಿಗೆ ಐದು, ಚಿಕ್ಕವಳಿಗೆ ಎರಡು. ಮೂರು ಮನೆಯವರು ಮಕ್ಕಳಿದ್ದಾರೆ ಅಂದ ತಕ್ಷಣ ಆಗಲ್ಲ ಅಂದರು. ಒಬ್ಬರಂತೂ ಒಪ್ಪಿಕೊಂಡು, ನಾವು ಬಸ್ಸಿನಲ್ಲಿ ತುಮಕೂರು ದಾಟಿದ ಮೇಲೆ ಕ್ಯಾನ್ಸಲ್ ಮಾಡಿದರು. ಕೊನೆಗೆ ಕೆಳಗೆ ಬಾರ್ ಇರುವ ಒಂದು ಲಾಡ್ಜಿನಲ್ಲಿ ಉಳಿದೆವು. ರಾತ್ರಿ ಮೆಟ್ಟಿಲ ಮೇಲೆ ಗಲಾಟೆ ಕೇಳಿ ಮಗಳು ಕುತ್ತಿಗೆ ತಬ್ಬಿಕೊಂಡವಳು ಬೆಳಗಿನ ತನಕ ಬಿಡಲಿಲ್ಲ. ಅಡುಗೆಮನೆ ಇರುವ ಜಾಗ ಮಕ್ಕಳಿರುವವರಿಗೇ ಅಲ್ವಾ ಜಾಸ್ತಿ ಬೇಕಾಗಿರೋದು? ಒಂದು ಲೋಟ ಗಂಜಿ ಕಾಯಿಸೋಕೆ ಹೋಟೆಲಿನಲ್ಲಿ ಯಾರು ಬಿಡುತ್ತಾರೆ?

ಕಡ್ಲೆಕಾಯಿ

ಮೇಡಂ, ನಿಮಗಾದದ್ದು ತಪ್ಪು. ಒಪ್ಪಿಕೊಂಡ ಮೇಲೆ ಕೈಬಿಡಬಾರದಿತ್ತು. ನಾನು ಹೇಳಿದ್ದು ಅವರ ಸಂಪಿನ ವಿಷಯ.

ಸಂಪಿಗೆರಸ್ತೆ (ಮಲ್ಲೇಶ್ವರ)

ಅಕ್ಕ, ಆರು ವರ್ಷದಿಂದ ನಾನೂ ಇದೇ ಮಾಡುತ್ತಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಷ್ಟದ ಲೆಕ್ಕ. ಆರು ವರ್ಷದಲ್ಲಿ ನನಗೆ ಅತಿ ದೊಡ್ಡ ಖರ್ಚು ತಂದವರು ಮಕ್ಕಳಲ್ಲ. ನಾಲ್ಕು ಜನ ಹುಡುಗರು ಅಂತ ಬುಕ್ ಮಾಡಿ ಹನ್ನೊಂದು ಜನ ಬಂದು ಪಾರ್ಟಿ ಮಾಡಿದ ಒಂದು ಗುಂಪು. ಬಾತ್‌ರೂಮಿನ ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಬಂದಿತ್ತು. ಮಕ್ಕಳು ಮಾಡುವ ಹಾನಿ ಸಣ್ಣದು, ಮತ್ತು ಏನಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಗೋಡೆ, ಹಾಸಿಗೆ, ಗಾಜು. ಗೋಡೆಗೆ ಒರೆಸಿದರೆ ಹೋಗುವ ಪೇಂಟ್ ಹೊಡೆಸಿ. ಹಾಸಿಗೆಗೆ ನೀರು ಇಳಿಯದ ಕವರ್ ಹಾಕಿ, ಅದರ ಮೇಲೆ ಬೆಡ್‌ಶೀಟ್. ಗಾಜಿನ ಟೀಪಾಯಿ ಇದ್ದರೆ ಕೆಳಗಿನ ಮನೆಗೆ ತಂದುಬಿಡಿ. ಅಷ್ಟು ಮಾಡಿದ ಮೇಲೆ ಮಕ್ಕಳ ವಿಷಯಕ್ಕೆ ನನಗೆ ದೊಡ್ಡ ಖರ್ಚು ಬಂದದ್ದು ನೆನಪಿಲ್ಲ.

ಹಾನಿಯಾದರೆ ಏರ್‌ಬಿಎನ್‌ಬಿಗೆ ಕ್ಲೇಮ್ ಹಾಕಬಹುದು. ಅತಿಥಿ ಹೊರಟ 14 ದಿನದೊಳಗೆ ಹಾಕಬೇಕು, ಫೋಟೋ ಬೇಕು. ಅದಕ್ಕೇ ನಾನು ಪ್ರತಿ ಸಲ ಕೀ ಕೊಡುವ ಮುಂಚೆ ಐದು ನಿಮಿಷ ಎಲ್ಲ ರೂಮಿನ ವಿಡಿಯೋ ತೆಗೆದಿಡುತ್ತೇನೆ.

ಆದರೆ ಸಂಪಿನ ವಿಷಯ ಬೇರೆ. ದುಡ್ಡಿನ ವಿಷಯವನ್ನೂ ಜೀವದ ವಿಷಯವನ್ನೂ ಒಂದೇ ಗಂಟು ಕಟ್ಟಬೇಡಿ. ಕ್ರೇಯಾನ್‌ಗೆ ಹೆದರಿ ಮಕ್ಕಳನ್ನು ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಸಂಪಿಗೆ ಹೆದರಿದರೆ ಅದು ಸರಿಯಾದ ಹೆದರಿಕೆ. ಆದರೆ ಅಲ್ಲಿ ಸರಿ ಮಾಡಬೇಕಾದದ್ದು ಮುಚ್ಚಳ.

ಹಳೇಬೆಂಗ್ಳೂರು (ಬಸವನಗುಡಿ)

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ತಗಡಿನ ಮುಚ್ಚಳ ಇವತ್ತೇ ಎಸೆಯಿರಿ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ಚೆಕ್ಕರ್ ಪ್ಲೇಟಿನದ್ದು ಮಾಡಿಸಿ. ಒಂದು ಕಡೆ ಕೀಲು, ಇನ್ನೊಂದು ಕಡೆ ಚಿಲಕ, ಅದಕ್ಕೆ ಬೀಗ. ಅದರ ಕೆಳಗೆ ಕಂಬಿಯ ಜಾಲರಿಯನ್ನೂ ಕೂರಿಸಿದರೆ ಇನ್ನೂ ಒಳ್ಳೆಯದು. ಯಾರಾದರೂ ಬೀಗ ಹಾಕೋದು ಮರೆತರೂ ಮಗು ಜಾಲರಿ ಮೇಲೆ ನಿಲ್ಲುತ್ತದೆ.

ನಮ್ಮ ಬೀದಿಯಲ್ಲಿ ತುಂಬಾ ವರ್ಷದ ಹಿಂದೆ ಒಂದು ಮಗುವನ್ನು ಹೀಗೇ ಕಳೆದುಕೊಂಡಿದ್ದೇವೆ. ಅತಿಥಿಗಳ ಮಗು ಅಲ್ಲ, ಮನೆಯವರದ್ದೇ. ಸಂಪಿಗೆ ಬೀಗ ಇಲ್ಲದ ಮನೆ ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ನ್ಯಾಯಬೇಕು

ಮಕ್ಕಳಿದ್ದಾರೆ ಅಂತ ಮನೆ ಕೊಡದಿರುವುದು ಕಾನೂನು ಪ್ರಕಾರ ಅಪರಾಧ. ಸಂವಿಧಾನದಲ್ಲೇ ಇದೆ, ತಾರತಮ್ಯ ಮಾಡುವ ಹಾಗಿಲ್ಲ.

ಕರಿಕೋಟು

ಹಾಗಿಲ್ಲ ಸರ್. ನೀವು ಹೇಳುತ್ತಿರುವುದು 15(2)ನೇ ವಿಧಿ. ಅಂಗಡಿ, ಹೋಟೆಲ್ ಇಂಥ ಕಡೆ ಪ್ರವೇಶ ನಿರಾಕರಿಸಬಾರದು ಅಂತ ಅದರಲ್ಲಿರುವುದು ನಿಜ. ಆದರೆ ಅಲ್ಲಿ ಹೇಳಿರುವ ಕಾರಣಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ವಯಸ್ಸು ಇಲ್ಲ, ಮಕ್ಕಳಿರುವುದೂ ಇಲ್ಲ. ಹಾಗಾಗಿ ಅವರನ್ನು ಸುಮ್ನೆ ಹೆದರಿಸಬೇಡಿ.

ದೂರದೂರು

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಮನೆ ಬಾಡಿಗೆಯ ಕಾನೂನಿಗೆ 1988ರಲ್ಲಿ ತಿದ್ದುಪಡಿ ಮಾಡಿ, ಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಸೇರಿಸಿದರು. ಅದನ್ನು ಓದಿದ ಕೆಲವರು ನಮ್ಮ ಕಡೆಯೂ ಹಾಗೇ ಇದೆ ಅಂದುಕೊಳ್ಳುತ್ತಾರೆ.

ನ್ಯಾಯಬೇಕು

ಸರಿ, ಅಪರಾಧ ಅನ್ನುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೂ ಅದು ನ್ಯಾಯ ಅಲ್ಲ ಅನ್ನುವ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಂಘದಕಾರ್ಯದರ್ಶಿ (ಬೆಳ್ಳಂದೂರು)

ಇನ್ನೊಂದು ಕಡೆಯ ಮಾತೂ ಕೇಳಿ. ನಮ್ಮದು ಅಪಾರ್ಟ್‌ಮೆಂಟ್. ಏಳೆಂಟು ಫ್ಲಾಟಿನವರು ಹೀಗೆ ದಿನಕ್ಕೆ ಕೊಡುತ್ತಾರೆ. ಮಾಲೀಕರು ಎಲ್ಲೋ ಬೇರೆ ಊರಿನಲ್ಲಿ, ಕೀ ಬಾಗಿಲಿನ ಡಬ್ಬಿಯಲ್ಲಿ. ಮಕ್ಕಳು ಬಂದು ನೇರ ಈಜುಕೊಳಕ್ಕೆ ಹೋಗುತ್ತಾರೆ. ಯಾವ ಫ್ಲಾಟಿನವರು, ಈಜು ಬರುತ್ತದಾ, ಜೊತೆಗೆ ಯಾರಿದ್ದಾರೆ, ನಮ್ಮ ಸೆಕ್ಯುರಿಟಿಯವರಿಗೆ ಏನೂ ಗೊತ್ತಿರುವುದಿಲ್ಲ. ಹೋದ ಬೇಸಿಗೆಯಲ್ಲಿ ಆರು ವರ್ಷದ ಹುಡುಗಿಯನ್ನು ನಮ್ಮ ತೋಟದ ಮಾಲಿ ಎತ್ತಿ ತೆಗೆದ. ದೇವರ ದಯೆ, ಏನೂ ಆಗಲಿಲ್ಲ. ಅವತ್ತಿನಿಂದ ನಮ್ಮ ಸಂಘ ದಿನದ ಬಾಡಿಗೆಯವರಿಗೆ ಈಜುಕೊಳ ಬಂದ್ ಮಾಡಿದೆ.

ಮಾಲೀಕರು ಕೆಳಗೇ ಇರುವ ಮನೆಗೂ, ಇಂಥ ಮನೆಗೂ ಅಜಗಜಾಂತರ. ಮೇಡಂ ಅಲ್ಲೇ ಇದ್ದರು, ಅದಕ್ಕೇ ಹುಡುಗ ಉಳಿದ.

ಗುಬ್ಬಚ್ಚಿ

ರಾತ್ರಿ ಹತ್ತರ ಮೇಲೆ ಮಗು ಅತ್ತರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಂಪ್ಲೇಂಟ್ ಕೊಡುತ್ತಾರೆ! ಹತ್ತರಿಂದ ಆರರ ತನಕ ಶಬ್ದ ಮಾಡಬಾರದು ಅನ್ನುವ ರೂಲ್ಸ್ ತೋರಿಸುತ್ತಾರೆ.

ಕರಿಕೋಟು

ಅದು 2000ದ ಶಬ್ದಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕಬಾರದು, ಜೋರಾಗಿ ಸಂಗೀತ ಹಾಕಬಾರದು, ಇಂಥದ್ದಕ್ಕೆ ಇರುವುದು. ಹಸಿದ ಮಗು ಅಳುವುದಕ್ಕೆ ಅದನ್ನು ತೋರಿಸುವುದು ಸರಿಯಲ್ಲ.

ಮಕ್ಕಳವಾರ್ಡ್

ಇಪ್ಪತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಸಂಪು ಕಣ್ಣಿಗೆ ಕಾಣುತ್ತದೆ, ಈಜುಕೊಳವೂ ಕಾಣುತ್ತದೆ. ಕಾಣದೇ ಇರುವ ಒಂದಷ್ಟು ವಸ್ತುಗಳ ಬಗ್ಗೆ ಬರೆಯುತ್ತೇನೆ. ಬಾಡಿಗೆಗೆ ಕೊಡುವವರೆಲ್ಲ ದಯವಿಟ್ಟು ಓದಿ.

ನುಸಿ ಗುಳಿಗೆ. ಮನೆ ಘಂ ಅನ್ನಲಿ ಅಂತ ಬೀರುವಿನಲ್ಲಿ, ವಾಷ್‌ಬೇಸಿನ್‌ನಲ್ಲಿ, ಬಾತ್‌ರೂಮಿನ ಮೂಲೆಯಲ್ಲಿ ಇಟ್ಟಿರುತ್ತೀರಿ. ಬೆಳ್ಳಗೆ, ದುಂಡಗೆ, ಥೇಟ್ ಪೆಪ್ಪರ್‌ಮಿಂಟ್. ಮಗು ಬಾಯಿಗೆ ಹಾಕಿಯೇ ಹಾಕುತ್ತದೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ, ಅಪ್ಪ ಅಮ್ಮನಿಗೂ ಗೊತ್ತಿರುವುದಿಲ್ಲ. ಅಂಥ ಮಗುವಿನ ಹೊಟ್ಟೆಗೆ ಈ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ಹೋದರೆ ಕೆಂಪು ರಕ್ತಕಣ ಒಡೆಯುತ್ತವೆ. ಒಂದೆರಡು ದಿನ ಆದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ ಅಂತ ಓಡಿ ಬರುತ್ತಾರೆ. ಅಷ್ಟು ಹೊತ್ತಿಗೆ ಗುಳಿಗೆ ನುಂಗಿದ್ದು ಯಾರಿಗೂ ನೆನಪಿರುವುದಿಲ್ಲ.

ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಬಾಟಲಿ. ಪ್ಲಗ್ ಪಾಯಿಂಟ್ ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ಅದು ಮಗುವಿನ ಕೈಯಲ್ಲಿ ಇದ್ದ ಹಾಗೇ. ಕುಡಿದರೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ. ಅದರಲ್ಲಿ ಸೀಮೆಎಣ್ಣೆ ಜಾತಿಯ ಎಣ್ಣೆ ಇರುತ್ತದೆ, ವಾಂತಿ ಮಾಡುವಾಗ ಶ್ವಾಸಕೋಶಕ್ಕೆ ಹೋದರೆ ಕಷ್ಟ. ಬಾಟಲಿ ಸಮೇತ ಸೀದಾ ಆಸ್ಪತ್ರೆಗೆ ಬನ್ನಿ.

ಗುಂಡಿಯಂಥ ಸಣ್ಣ ಬ್ಯಾಟರಿ. ತೂಕದ ಮಷೀನಿನಲ್ಲಿ, ಮಿಣಮಿಣ ದೀಪಗಳಲ್ಲಿ ಇರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಸುಡಲು ಶುರುವಾಗಬಹುದು. ಮುಚ್ಚಳ ಸ್ಕ್ರೂ ಹಾಕಿ ಬಿಗಿ ಮಾಡಿದ್ದರೆ ಮಾತ್ರ ಇಡಿ.

ಗೀಸರ್ 50 ಡಿಗ್ರಿ ದಾಟದ ಹಾಗೆ ಇಡಿ. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಬಕೆಟ್ ಯಾವಾಗಲೂ ಖಾಲಿ ಮಾಡಿ ಬೋರಲು ಹಾಕಿ. ಆಗತಾನೇ ಎದ್ದು ನಿಲ್ಲುವ ಮಗುವಿಗೆ ಅರ್ಧ ಬಕೆಟ್ ನೀರೂ ಸಂಪೇ.

ಇಷ್ಟೆಲ್ಲ ಹೇಳಿದ್ದು ಮಕ್ಕಳನ್ನು ಬೇಡ ಅನ್ನಿ ಅಂತಲ್ಲ. ಊರಿಂದ ಮಗುವನ್ನು ಎತ್ತಿಕೊಂಡು ಬಂದು ಆಸ್ಪತ್ರೆಯ ಆವರಣದಲ್ಲಿ ಚಾಪೆ ಹಾಸಿಕೊಂಡು ಮಲಗುವವರನ್ನು ದಿನಾ ನೋಡಿದ್ದೇನೆ. ಹತ್ತು ತಿಂಗಳ ಮಗುವಿನ ಅಮ್ಮನಿಗೆ ಬಿಸಿನೀರು, ಒಂದು ಒಲೆ, ಬಾಗಿಲು ಹಾಕಿಕೊಂಡು ಹಾಲು ಕುಡಿಸಲು ಒಂದು ರೂಮು ಸಿಕ್ಕಿದರೆ ಅದು ಸಣ್ಣ ಸಹಾಯ ಅಲ್ಲ.

ಎರಡುಮಕ್ಕಳಮ್ಮ (ಶಿವಮೊಗ್ಗ)

ಸಿಸ್ಟರ್, ನಿಮ್ಮ ಮಾತು ಓದಿ ಈಗತಾನೇ ಬೀರುವಿನ ನುಸಿ ಗುಳಿಗೆ ತೆಗೆದು ಬಂದೆ.

ಗುಬ್ಬಚ್ಚಿ

ನಾನೂ. ಅದರ ಬದಲು ಏನಿಡಬೇಕು?

ಹಳೇಬೆಂಗ್ಳೂರು (ಬಸವನಗುಡಿ)

ನಮ್ಮ ಅಮ್ಮ ರೇಷ್ಮೆ ಸೀರೆಗೆ ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಬದಲಾಯಿಸಿದರೆ ಆಯಿತು.

ಬೆಣ್ಣೆದೋಸೆ (ದಾವಣಗೆರೆ)

ಅತಿಥಿಯಾಗಿ ಹೋಗುವವರ ಕಡೆಯಿಂದ ಒಂದು ಮಾತು. ನಮ್ಮ ಮಗಳು ಜೋಲಿಯಲ್ಲಿ ಮಾತ್ರ ಮಲಗುತ್ತಿದ್ದಳು. ಮಂಚದ ಮೇಲೆ ಮಲಗಿಸಿದರೆ ರಾತ್ರಿಯಿಡೀ ಅಳು. ರಾಜಾಜಿನಗರದ ಒಂದು ಹಳೇ ಮನೆಗೆ ಹೋದಾಗ ಹಾಲ್ ಸೂರಿನಲ್ಲಿ ತೊಟ್ಟಿಲು ತೂಗಲು ಹಾಕಿಸಿದ್ದ ಕೊಂಡಿ ಕಂಡಿತು. ಸಂಕೋಚದಿಂದಲೇ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಒಳಗೆ ಹೋಗಿ ತಮ್ಮದೇ ಒಂದು ಹಳೇ ಕಾಟನ್ ಸೀರೆ ತಂದರು. ಮೊದಲು ತಾವೇ ಎರಡು ಕೈಯಲ್ಲಿ ಜಗ್ಗಿ, ಕೊಂಡಿ ಗಟ್ಟಿ ಇದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕಟ್ಟಿಕೊಟ್ಟರು. ಆ ಮನೆಯ ವಿಮರ್ಶೆಯಲ್ಲಿ ನಾನು ಬರೆದದ್ದು ಆ ಸೀರೆಯ ಬಗ್ಗೆ ಮಾತ್ರ.

ಇನ್ನು, ಮಕ್ಕಳಿರುವುದನ್ನು ಮುಚ್ಚಿಟ್ಟು ಬುಕ್ ಮಾಡಬೇಡಿ ಅಂತ ನನ್ನಂಥ ಅಪ್ಪಂದಿರಿಗೆ ಹೇಳುತ್ತೇನೆ. ಏರ್‌ಬಿಎನ್‌ಬಿಯಲ್ಲಿ ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳು ಅತಿಥಿಗಳ ಲೆಕ್ಕಕ್ಕೆ ಬರುವುದಿಲ್ಲ ನಿಜ. ಆದರೂ ಮಗು ಇದೆ, ಇಷ್ಟು ತಿಂಗಳು ಅಂತ ಮೆಸೇಜ್ ಹಾಕಿ.

ಲೆಕ್ಕಾಚಾರ

ಒಂದು ಪ್ರಶ್ನೆ. ಮಗುವಿಗೆ ಅಂತ ದಿನಕ್ಕೆ 300, 400 ಜಾಸ್ತಿ ತೆಗೆದುಕೊಂಡರೆ ಹಾಸಿಗೆ ಒಗೆಯುವ ಖರ್ಚು ಹುಟ್ಟುತ್ತದೆ ಅಲ್ವಾ?

ಸಂಪಿಗೆರಸ್ತೆ (ಮಲ್ಲೇಶ್ವರ)

ಬೇಡ. ದುಡ್ಡು ಕೊಟ್ಟಿದ್ದೇವಲ್ಲ ಅನ್ನುವ ಭಾವನೆ ಬರುತ್ತದೆ, ಗೋಡೆ ಇನ್ನೂ ಜಾಸ್ತಿ ಹಾಳಾಗುತ್ತದೆ. ಎಲ್ಲರಿಗೂ ಒಂದೇ ಕ್ಲೀನಿಂಗ್ ಚಾರ್ಜ್ ಇಡಿ. ಚಿಕ್ಕಪೇಟೆಗೆ ಹೋಗಿ ನಾಲ್ಕು ಜೊತೆ ಬೆಡ್‌ಶೀಟ್ ಜಾಸ್ತಿ ತಂದಿಟ್ಟುಕೊಳ್ಳಿ.

ಲೆಕ್ಕಾಚಾರ

ನನಗೆ ಒಪ್ಪಿಗೆ ಇಲ್ಲ. ನೀರಿನ ಖರ್ಚೂ ಇದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟೆವು ನೆನಪಿದೆಯಾ? ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿದ್ದು ಆಗಲೇ.

ಹಳೇಬೆಂಗ್ಳೂರು (ಬಸವನಗುಡಿ)

ಆ ಬೇಸಿಗೆಯಲ್ಲೇ ಸಂಪಿನ ಮುಚ್ಚಳಗಳು ದಿನಾ ತೆರೆದಿದ್ದದ್ದು. ಟ್ಯಾಂಕರ್ ಯಾವಾಗ ಬರುತ್ತದೋ ಅಂತ ಬೀಗ ತೆಗೆದೇ ಇಟ್ಟಿರುತ್ತಿದ್ದರು. ಪೈಪ್ ಇಳಿಬಿಟ್ಟು ಡ್ರೈವರ್ ಬೀಡಿ ಸೇದಲು ಹೋದರೆ ಆ ಇಪ್ಪತ್ತು ನಿಮಿಷ ಬಾಯಿ ತೆರೆದ ಬಾವಿ. ಟ್ಯಾಂಕರ್ ಬಂದಾಗ ಮನೆಯವರೊಬ್ಬರು ಅಲ್ಲೇ ನಿಲ್ಲಬೇಕು.

ಹೊಂಗೆನೆರಳು (ಜಯನಗರ)

ಎಲ್ಲರ ಮಾತೂ ಓದಿದೆ. ಯಜಮಾನರಿಗೂ ಜೋರಾಗಿ ಓದಿ ಹೇಳಿದೆ. ಮಧ್ಯಾಹ್ನ ಇಬ್ಬರೂ ಟೇಪು ಹಿಡಿದು ಮನೆಯೆಲ್ಲ ಸುತ್ತಿದೆವು. ಅವರು ಮಂಡಿಯೂರಿ ಮಗುವಿನ ಎತ್ತರಕ್ಕೆ ಬಂದು ನೋಡಿದರು.

ನುಸಿ ಗುಳಿಗೆ ಐದು ಕಡೆ ಸಿಕ್ಕಿತು. ಸೊಳ್ಳೆ ಬಾಟಲಿ ಎರಡೂ ನೆಲದ ಪ್ಲಗ್ಗಿನಲ್ಲೇ ಇದ್ದವು. ತಾರಸಿಯ ಕಟ್ಟೆ 2 ಅಡಿ 9 ಇಂಚು. ಇಷ್ಟು ವರ್ಷ ಇದ್ದೇವೆ, ಒಂದು ದಿನವೂ ಅಳೆದಿರಲಿಲ್ಲ.

ಇಟ್ಟಿಗೆಗಾರೆ

ಮೇಡಂ, ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ತಾರಸಿ ಕಟ್ಟೆ ಕನಿಷ್ಠ 1 ಮೀಟರ್, ಅಂದರೆ ಸುಮಾರು 3 ಅಡಿ 3 ಇಂಚು ಇರಬೇಕು. ನಿಮ್ಮದು ಅರ್ಧ ಅಡಿ ಕಡಿಮೆ. ಮೇಲೆ ಕಂಬಿ ಹಾಕಿಸುವುದಾದರೆ ಉದ್ದುದ್ದ ನಿಲ್ಲುವ ಕಂಬಿ ಹಾಕಿಸಿ. ಅಡ್ಡ ಕಂಬಿ ಹಾಕಿದರೆ ಮಕ್ಕಳಿಗೆ ಏಣಿ ಆಗುತ್ತದೆ. ಎರಡು ಕಂಬಿಯ ಮಧ್ಯೆ ನಾಲ್ಕು ಇಂಚಿಗಿಂತ ಕಡಿಮೆ ಇರಲಿ, ತಲೆ ತೂರಬಾರದು. ಕಟ್ಟೆ ಪಕ್ಕ ಹೂಕುಂಡ, ಕುರ್ಚಿ ಇಡಬೇಡಿ. ಎಷ್ಟು ಎತ್ತರ ಕಟ್ಟಿದರೂ ಕುಂಡದ ಮೇಲೆ ಹತ್ತಿದರೆ ಮುಗಿಯಿತು.

ಹೊಂಗೆನೆರಳು (ಜಯನಗರ)

ಕಂಬಿ ಆಗುವ ತನಕ ತಾರಸಿ ಬಾಗಿಲಿಗೆ ಬೀಗ. ಸಂಪಿನ ಮುಚ್ಚಳ ಅಳತೆ ಕೊಟ್ಟು ಬಂದಿದ್ದೇವೆ, ನಾಳಿದ್ದು ಕೂರಿಸುತ್ತಾರೆ, ಜಾಲರಿ ಸಮೇತ. ಮಗ ಫೋನಿನಲ್ಲಿ ಇನ್ನೂ ಬೇಡ ಅನ್ನುತ್ತಿದ್ದಾನೆ. ಅವನಿಗೆ ನಮ್ಮ ಮೇಲಿನ ಕಾಳಜಿ, ಗೊತ್ತು.

ಜಯದೇವಕ್ಕೆ ಬರುವವರಿಗೆ ಹೂಂ ಅಂದಿದ್ದೇನೆ. ಹತ್ತು ತಿಂಗಳ ಮಗು ತಾನಾಗಿ ಸಂಪಿನ ಹತ್ತಿರ ಬರುವುದಿಲ್ಲ. ಅವರು ಬರುವುದು ತಿಂಗಳ ಕೊನೆಗೆ, ಅಷ್ಟರಲ್ಲಿ ಎಲ್ಲ ಆಗಿರುತ್ತದೆ. ಆದರೆ ಎರಡರಿಂದ ಐದು ವರ್ಷದ ಮಕ್ಕಳಿರುವವರಿಗೆ ತಾರಸಿ ಕಂಬಿ ಮುಗಿಯುವ ತನಕ ಕೊಡುವುದಿಲ್ಲ. ಬೀಗ ತೆಗೆಯಿರಿ, ಬಟ್ಟೆ ಒಣಗಿಸಬೇಕು ಅಂತ ಅಮ್ಮಂದಿರು ಕೇಳುತ್ತಾರೆ, ನನಗೆ ಇಲ್ಲ ಅನ್ನಲು ಆಗುವುದಿಲ್ಲ. ಅದಕ್ಕೇ ಈ ನಿರ್ಧಾರ.

ಮನೆಯ ವಿವರದಲ್ಲಿ ಹೀಗೆ ಬರೆದಿದ್ದೇನೆ, ಸರಿ ಇದೆಯಾ ನೋಡಿ: "ಮಹಡಿಗೆ ಹೊರಗಿನಿಂದ ಹದಿನೆಂಟು ಮೆಟ್ಟಿಲು, ಗೇಟು ಇಲ್ಲ. ಅಂಗಳದಲ್ಲಿ ಸಂಪು ಇದೆ, ಬೀಗ ಹಾಕಿರುತ್ತದೆ. ತಾರಸಿ ಸದ್ಯಕ್ಕೆ ಮುಚ್ಚಿದೆ. ಮಗುವಿನ ವಯಸ್ಸು ಮೊದಲೇ ತಿಳಿಸಿ. ಅಂಗಳಕ್ಕೆ ಮಕ್ಕಳನ್ನು ಒಬ್ಬರೇ ಬಿಡಬೇಡಿ."

ಎರಡುಮಕ್ಕಳಮ್ಮ (ಶಿವಮೊಗ್ಗ)

ಹೀಗೆ ಬರೆದಿದ್ದರೆ ನನ್ನಂಥವಳು ಬೇಜಾರಿಲ್ಲದೆ ಬೇರೆ ಮನೆ ನೋಡಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಕೂತಾಗ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಸಂಪಿಗೆರಸ್ತೆ (ಮಲ್ಲೇಶ್ವರ)

ಚೆನ್ನಾಗಿದೆ ಅಕ್ಕ. ಏರ್‌ಬಿಎನ್‌ಬಿಯಲ್ಲಿ ಎರಡರಿಂದ ಹನ್ನೆರಡು ವರ್ಷದವರಿಗೆ ಬೇರೆ, ಎರಡಕ್ಕಿಂತ ಚಿಕ್ಕವರಿಗೆ ಬೇರೆ ಆಯ್ಕೆ ಇದೆ, ಕಾರಣ ಬರೆಯಲು ಜಾಗವೂ ಇದೆ. ಇದೇ ಮಾತನ್ನು ಅಲ್ಲೂ ಹಾಕಿ. ಮೆಟ್ಟಿಲ ಮೇಲ್ತುದಿಗೆ ಒಂದು ಸಣ್ಣ ಗೇಟು ಮಾಡಿಸಿಬಿಡಿ, ಸಂಪಿನ ವೆಲ್ಡಿಂಗ್‌ನವರೇ ಮಾಡಿಕೊಡುತ್ತಾರೆ.

ಕಡ್ಲೆಕಾಯಿ

ಬೇಡ ಅಂದವನು ನಾನೇ. ಇಷ್ಟು ಮಾಡಿದ ಮೇಲೆ ನನ್ನ ತಕರಾರಿಲ್ಲ. ಆದರೆ ಇಷ್ಟು ಮಾಡಲು ಆಗದವರು ಬೇಡ ಅನ್ನಲಿ, ಅದರಲ್ಲಿ ತಪ್ಪಿಲ್ಲ.

ಮಕ್ಕಳವಾರ್ಡ್

ಒಪ್ಪುತ್ತೇನೆ ಸರ್. ಹೊಂಗೆನೆರಳು ಅವರೇ, ಮಗುವಿಗೆ ಎಕೋ ಮಾಡುವಾಗ ಅಲುಗಾಡದೆ ಮಲಗಿರಬೇಕು, ಕೆಲವೊಮ್ಮೆ ನಿದ್ದೆಗೆ ಔಷಧಿ ಕೊಡುತ್ತಾರೆ. ಬೆಳಿಗ್ಗೆ ಬೇಗ ಹೊರಡುತ್ತಾರೆ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಒಂದು ಫ್ಲಾಸ್ಕ್ ಕೊಟ್ಟಿರಿ.

ಹೊಂಗೆನೆರಳು (ಜಯನಗರ)

ಫ್ಲಾಸ್ಕ್ ಇದೆ ಸಿಸ್ಟರ್. ಕೊಡುತ್ತೇನೆ.

ಹಳೇಬೆಂಗ್ಳೂರು (ಬಸವನಗುಡಿ)

ಸಂಪಿನ ಬೀಗಕ್ಕೆ ಎರಡು ಕೀ ಇಟ್ಟುಕೊಳ್ಳಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಯಜಮಾನರ ಹತ್ತಿರ. ಮೀಟರ್ ಡಬ್ಬಿ ಮೇಲೆ ಮಾತ್ರ ಇಡಬೇಡಿ, ಎಲ್ಲರೂ ಇಡುವುದು ಅಲ್ಲೇ.